ಸೀಟು ಕಿತ್ತರೆ ರೇಸ್ ಕಾರ್ ಆಗುತ್ತಾ?

ಜಾಗ್ವಾರ್ ಐ-ಪೇಸ್ ಅನ್ನೋ ಎಲೆಕ್ಟ್ರಿಕ್ ಕಾರಿನ ಗರಿಷ್ಠ ವೇಗ ಗಂಟೆಗೆ 200 ಕಿ.ಮೀ. ಇದೇ ಕಾರನ್ನು ಕಂಪನಿಯವರೇ ಬಿಚ್ಚಿ, ಒಳಗಿನ ಸೀಟು-ಗೀಟು ಎಲ್ಲ ಕಿತ್ತು, ಉಕ್ಕಿನ ಪಂಜರ ಕೂರಿಸಿ, ಹಿಂದೆ ಒಂದು ರೆಕ್ಕೆ ಸಿಕ್ಕಿಸಿ ರೇಸಿಗೆ ಬಿಟ್ಟರು. ಆ ರೇಸ್ ಕಾರಿನ ಗರಿಷ್ಠ ವೇಗ ಎಷ್ಟು ಗೊತ್ತಾ? ಗಂಟೆಗೆ 195 ಕಿ.ಮೀ. ನೀವು ಸರಿಯಾಗೇ ಓದಿದ್ರಿ, ಐದು ಕಿಲೋಮೀಟರ್ ಕಡಿಮೆ. ಮೋಟಾರುಗಳ ಶಕ್ತಿ ಮೊದಲಿದ್ದಷ್ಟೇ, 294 ಕಿಲೋವ್ಯಾಟ್. ಟಾರ್ಕ್ ಅಷ್ಟೇ, 696 ನ್ಯೂಟನ್ ಮೀಟರ್. ಬ್ಯಾಟರಿ ಅದೇ 90 ಕಿಲೋವ್ಯಾಟ್-ಅವರ್. ನಿಂತಲ್ಲಿಂದ ಗಂಟೆಗೆ 60 ಮೈಲಿ ಮುಟ್ಟೋಕೆ ಎರಡಕ್ಕೂ ನಾಲ್ಕೂವರೆ ಸೆಕೆಂಡು. ಚೌಕಿಯಲ್ಲಿ ಕೂತು ಬಣ್ಣ ಹಚ್ಚಿ, ಗೆಜ್ಜೆ ಕಟ್ಟಿ, ಕಿರೀಟ ಇಟ್ಟು ರಂಗಕ್ಕೆ ಬಂದ ವೇಷಧಾರಿ ಮನೆಯಲ್ಲಿ ಕುಣಿದಷ್ಟೂ ಕುಣಿಯದಿದ್ದರೆ ಹೇಗಿರುತ್ತೆ, ಹಾಗೆ.

ಸ್ವಲ್ಪ ಹಿನ್ನೆಲೆ ಹೇಳ್ತೀನಿ. 2008ರಲ್ಲಿ ಜಾಗ್ವಾರ್ ಟಾಟಾ ಮೋಟಾರ್ಸ್ ಒಡೆತನಕ್ಕೆ ಬಂತು, ಹಾಗಾಗಿ ಈ ಕಥೆಯಲ್ಲಿ ನಮ್ಮದೂ ಒಂದು ಎಳೆ ಇದೆ. 2017ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋದಲ್ಲಿ 'ಐ-ಪೇಸ್ ಇ-ಟ್ರೋಫಿ' ಅನ್ನೋ ರೇಸ್ ಸರಣಿ ಘೋಷಣೆಯಾಯ್ತು. ಫಾರ್ಮುಲಾ ಇ ರೇಸ್ ನಡೆಯೋ ಊರುಗಳಲ್ಲೇ, ಅದೇ ಟ್ರ್ಯಾಕಿನಲ್ಲೇ, ದೊಡ್ಡ ರೇಸಿನ ಜೊತೆಗೆ ನಡೆಯೋ ಚಿಕ್ಕ ರೇಸು. ಮೊದಲ ರೇಸು 2018ರ ಡಿಸೆಂಬರ್‌ನಲ್ಲಿ ಸೌದಿ ಅರೇಬಿಯಾದ ದಿರಿಯಾದಲ್ಲಿ. ಎರಡೇ ಸೀಸನ್. ಮೊದಲನೆಯದನ್ನು ಬ್ರೆಜಿಲ್‌ನ ಸರ್ಜಿಯೋ ಹಿಮೆನೆಸ್ ಗೆದ್ದರು, ಎರಡನೆಯದನ್ನು ನ್ಯೂಜಿಲೆಂಡ್‌ನ ಸೈಮನ್ ಇವಾನ್ಸ್. 2020ರ ಆಗಸ್ಟ್‌ನಲ್ಲಿ ಬರ್ಲಿನ್‌ನಲ್ಲಿ ಕೊನೆಯ ರೇಸು ಮುಗಿದ ಮೇಲೆ ಅಂಗಡಿ ಮುಚ್ಚಿತು. 20 ಕಾರುಗಳಿಗೆ ಜಾಗ ಇಟ್ಟಿದ್ದರು, ಯಾವತ್ತೂ ಅಷ್ಟು ತುಂಬಲಿಲ್ಲ.

ಬೀದಿಯ ಎಲೆಕ್ಟ್ರಿಕ್ ಕಾರನ್ನು ಟ್ರ್ಯಾಕಿಗೆ ಇಳಿಸಿದವರು ಇವರೊಬ್ಬರೇ ಅಲ್ಲ. ಟೆಸ್ಲಾ, ಪೋರ್ಷೆ, ಹ್ಯುಂಡೈ, ಈಚೆಗೆ ಚೀನಾದ ಶಓಮಿ, ಎಲ್ಲರೂ ಒಂದಲ್ಲ ಒಂದು ರೀತಿ ಇದನ್ನು ಮಾಡಿದ್ದಾರೆ. ಪ್ರತಿ ಸಲ ಯೂಟ್ಯೂಬ್ ತುಂಬಾ ವಿಡಿಯೋ, ಆಫೀಸಿನ ಕ್ಯಾಂಟೀನಲ್ಲಿ ಚರ್ಚೆ. ಈ ಪ್ರಯೋಗಗಳಲ್ಲಿ ಯಾವುದು ನಿಜವಾದ ಕೆಲಸ, ಯಾವುದು ಬರೀ ಸ್ಟಿಕರ್ ಅಂಟಿಸಿದ ಜಾಹೀರಾತು ಅಂತ ಒಮ್ಮೆ ಅಳೆದು ನೋಡೋಣ ಅನ್ನಿಸಿತು. ಅಳೆಯೋಕೆ ಗರಿಷ್ಠ ವೇಗ ಸರಿಯಾದ ಕೋಲಲ್ಲ ಅನ್ನೋದನ್ನು ಮೊದಲೇ ಹೇಳಿಬಿಡ್ತೀನಿ. ಫಾರ್ಮುಲಾ ಇ ನಡೆಯೋದು ಹೆಚ್ಚಾಗಿ ನಗರದ ಬೀದಿಗಳಲ್ಲಿ, ಎರಡೂ ಕಡೆ ಕಾಂಕ್ರೀಟ್ ಗೋಡೆ, ಸಾಲು ಸಾಲು ತಿರುವು. ಅಲ್ಲಿ 195 ಆದರೇನು 200 ಆದರೇನು. ಜಾಗ್ವಾರ್ ಮೇಲೆ ನನಗಿರೋ ತಕರಾರು ಬೇರೆ, ಅದಕ್ಕೆ ಆಮೇಲೆ ಬರ್ತೀನಿ. ಅದಕ್ಕೂ ಮುಂಚೆ ಟ್ರ್ಯಾಕು ಒಂದು ಎಲೆಕ್ಟ್ರಿಕ್ ಕಾರಿಗೆ ಏನು ಮಾಡುತ್ತೆ ಅನ್ನೋದು ಗೊತ್ತಿರಬೇಕು.

ಮೊದಲು ತೂಕ. ಪೆಟ್ರೋಲ್ ಕಾರನ್ನು ರೇಸಿಗೆ ತಯಾರು ಮಾಡೋರು ಮೊದಲು ಕಿತ್ತು ಎಸೆಯೋಕೆ ಶುರು ಮಾಡ್ತಾರೆ. ಸೀಟು, ಕಾರ್ಪೆಟ್, ಎಸಿ, ಸ್ಪೀಕರ್, ಗಾಜಿನ ಬದಲು ಪ್ಲಾಸ್ಟಿಕ್. ಎಲೆಕ್ಟ್ರಿಕ್ ಕಾರಲ್ಲೂ ಇದನ್ನೆಲ್ಲ ಕೀಳಬಹುದು. ಆದರೆ ಭಾರ ಇರೋದು ಅಲ್ಲಲ್ಲ. ಐ-ಪೇಸ್‌ನ ಬ್ಯಾಟರಿ ಒಂದೇ ಸುಮಾರು 600 ಕೆ.ಜಿ. ಅದು ಕಾರಿನ ನೆಲವೂ ಹೌದು. ನೆಲ ಕಿತ್ತರೆ ಮನೆ ಎಲ್ಲಿ? ರಸ್ತೆಯ ಐ-ಪೇಸ್ 2,133 ಕೆ.ಜಿ. ಇದ್ದದ್ದು ರೇಸಿಗೆ ಇಳಿದಾಗ 1,965 ಆಯ್ತು. ಇಷ್ಟೆಲ್ಲ ಕಿತ್ತರೂ ಇಳಿದಿದ್ದು 168 ಕೆ.ಜಿ., ನೂರಕ್ಕೆ ಎಂಟರಷ್ಟು. ಇನ್ನೊಂದು ವಿಷಯ. ಪೆಟ್ರೋಲ್ ಕಾರು ಓಡ್ತಾ ಓಡ್ತಾ ಹಗುರಾಗುತ್ತೆ. ಬ್ಯಾಟರಿ ಖಾಲಿಯಾದರೂ ಅದರ ತೂಕ ಹಾಗೇ ಇರುತ್ತೆ. ಹತ್ತಿರ ಹತ್ತಿರ ಎರಡು ಟನ್‌ನ ಹೊರೆ ಪ್ರತಿ ತಿರುವಿನಲ್ಲೂ ಹೊರಗಡೆ ಟೈರಿನ ಮೇಲೆ ಒರಗುತ್ತೆ, ಮೊದಲ ಸುತ್ತಿಂದ ಕೊನೆ ಸುತ್ತಿನವರೆಗೂ.

ಎರಡನೇದು ಬಿಸಿ. ಇದನ್ನು ಅರ್ಥ ಮಾಡಿಕೊಳ್ಳೋಕೆ ಎಂಜಿನಿಯರಿಂಗ್ ಬೇಡ, ತೋಟದಲ್ಲಿ ಪಂಪ್‌ಸೆಟ್ ಇದ್ದರೆ ಸಾಕು. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದಾಗ ಮೋಟಾರು ಅದೇ ನೀರೆತ್ತೋಕೆ ಜಾಸ್ತಿ ಆಂಪ್ಸ್ ಎಳೆಯುತ್ತೆ. ತಂತಿ ಸುರುಳಿ ಕಾಯುತ್ತೆ. ಒಂದು ದಿನ ಕಮಟು ವಾಸನೆ ಬರುತ್ತೆ, ಆಮೇಲೆ ಮೋಟಾರನ್ನು ಗಾಡಿಗೆ ಹಾಕ್ಕೊಂಡು ಪೇಟೆಯ ರೀವೈಂಡಿಂಗ್ ಅಂಗಡಿಗೆ ಹೋಗಬೇಕು. 'ಕಾಯಿಲ್ ಸುಟ್ಟಿದೆ' ಅನ್ನೋ ಎರಡು ಪದದಲ್ಲಿ ಎಷ್ಟು ರೈತರ ಬೇಸಿಗೆ ಹಾಳಾಗಿದೆಯೋ ಲೆಕ್ಕ ಇಟ್ಟವರಿಲ್ಲ. ನಿಯಮ ಇಷ್ಟೇ: ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಈಗ ಇದನ್ನು ಕಾರಿಗೆ ಹಾಕಿ ನೋಡಿ. ಹೆದ್ದಾರಿಯಲ್ಲಿ ಹದವಾಗಿ ಹೋಗೋ ಒಂದು ಎಲೆಕ್ಟ್ರಿಕ್ ಕಾರು ಸುಮಾರು 20 ಕಿಲೋವ್ಯಾಟ್ ಎಳೆಯುತ್ತೆ ಅಂತ ಇಟ್ಕೊಳ್ಳಿ. ಟ್ರ್ಯಾಕಿನಲ್ಲಿ ಪೆಡಲ್ ಪೂರ್ತಿ ಒತ್ತಿದಾಗ 300. ಶಕ್ತಿ 15 ಪಟ್ಟು. ಬ್ಯಾಟರಿಯ ವೋಲ್ಟೇಜ್ ಹೆಚ್ಚುಕಡಿಮೆ ಅಷ್ಟೇ ಇರೋದ್ರಿಂದ ಕರೆಂಟೂ ಸುಮಾರು 15 ಪಟ್ಟು. ಬ್ಯಾಟರಿಯೊಳಗೆ ಹುಟ್ಟೋ ಬಿಸಿ 15 ಗುಣಿಲೆ 15, ಅಂದ್ರೆ 225 ಪಟ್ಟು! ಬೀದಿ ಕಾರಿನ ಕೂಲಿಂಗ್ ವ್ಯವಸ್ಥೆಯನ್ನು ಲೆಕ್ಕ ಹಾಕಿರೋದು ಈ ಬಿಸಿಯನ್ನು ಓವರ್‌ಟೇಕ್ ಮಾಡುವಾಗಿನ ಆರೆಂಟು ಸೆಕೆಂಡು ತಾಳೋಕೆ. ಸುತ್ತಿನ ಮೇಲೆ ಸುತ್ತು ಅದೇ ಆದರೆ ತಾಳಲ್ಲ. ಲಿಥಿಯಂ ಬ್ಯಾಟರಿ ಹೆಚ್ಚುಕಡಿಮೆ ನಮ್ಮ ಹಾಗೇ, 20ರಿಂದ 40 ಡಿಗ್ರಿ ಒಳಗೆ ಆರಾಮಾಗಿರುತ್ತೆ. ಮೋಟಾರಿನೊಳಗಿನ ಶಾಶ್ವತ ಅಯಸ್ಕಾಂತಗಳೂ ಅತಿಯಾಗಿ ಕಾದರೆ ತಮ್ಮ ಗುಣ ಕಳಕೊಳ್ಳುತ್ತವೆ. ಹಾಗಾಗಿ ಕಾರಿನ ಸಾಫ್ಟ್‌ವೇರ್ ಏನು ಮಾಡುತ್ತೆ? ಎಷ್ಟೇ ಪೆಡಲ್ ಒತ್ತಿ, ಶಕ್ತಿ ಇಳಿಸುತ್ತೆ. ದೊಡ್ಡ ಬಿಲ್ಡ್ ಓಡಿಸುವಾಗ ಲ್ಯಾಪ್‌ಟಾಪ್ ಫ್ಯಾನು ಕಿರುಚಿ ಆಮೇಲೆ ಪ್ರೊಸೆಸರ್ ನಿಧಾನ ಆಗುತ್ತಲ್ಲ, ಅದೇ ಕಥೆ. ಟೆಸ್ಲಾದ ಆರಂಭದ ಮಾಡೆಲ್ ಎಸ್ ಕಾರುಗಳನ್ನು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ಗೆ ತಗೊಂಡು ಹೋದವರಿಗೆ ಆದದ್ದು ಇದೇ. ಸುಮಾರು 20.8 ಕಿ.ಮೀ. ಉದ್ದದ ಆ ಟ್ರ್ಯಾಕಿನ ಒಂದು ಸುತ್ತು ಮುಗಿಯೋ ಮೊದಲೇ ಕಾರು ಸುಸ್ತಾಗಿ ಶಕ್ತಿ ಇಳಿಸಿಬಿಡ್ತಿತ್ತು.

ಮೂರನೇದು ಬ್ರೇಕು. ಎರಡು ಟನ್ ಕಾರು ಗಂಟೆಗೆ 180 ಕಿ.ಮೀ. ವೇಗದಿಂದ ತಿರುವಿಗೆ ಮುಂಚೆ 72ಕ್ಕೆ ಇಳೀಬೇಕು ಅನ್ನಿ. ಪಿಯುಸಿ ಫಿಸಿಕ್ಸ್ ಲೆಕ್ಕ ಹಾಕಿದರೆ 21 ಲಕ್ಷ ಜೂಲ್ ಶಕ್ತಿ, ಅಂದ್ರೆ 0.58 ಕಿಲೋವ್ಯಾಟ್-ಅವರ್ ಬಿಟ್ಟುಕೊಡಬೇಕು. ಎಲೆಕ್ಟ್ರಿಕ್ ಕಾರಿನ ದೊಡ್ಡ ಹೆಮ್ಮೆ ಅಂದ್ರೆ ಈ ಶಕ್ತಿಯನ್ನು ವಾಪಸ್ ಬ್ಯಾಟರಿಗೆ ತುಂಬೋದು. ಆದರೆ ರೇಸಲ್ಲಿ ಈ ಬ್ರೇಕ್ ಮೂರೇ ಸೆಕೆಂಡಿನ ಕೆಲಸ. ಮೂರು ಸೆಕೆಂಡಲ್ಲಿ ಅಷ್ಟು ಶಕ್ತಿ ಅಂದ್ರೆ ಸರಾಸರಿ 700 ಕಿಲೋವ್ಯಾಟ್. 294 ಕಿಲೋವ್ಯಾಟ್‌ನ ಮೋಟಾರುಗಳು ಅಷ್ಟನ್ನು ಎಲ್ಲಿಂದ ನುಂಗಬೇಕು? ಉಳಿದದ್ದೆಲ್ಲ ಬ್ರೇಕ್ ಡಿಸ್ಕ್‌ಗಳ ಪಾಲು. ಅದರ ಮೇಲೆ ಬ್ಯಾಟರಿ ಪೂರ್ತಿ ತುಂಬಿದ್ದಾಗ ವಾಪಸ್ ತುಂಬೋಕೆ ಜಾಗವೇ ಇರಲ್ಲ. ಅಂದ್ರೆ ರೇಸಿನ ಮೊದಲ ಸುತ್ತಿನಲ್ಲೇ, ಕಾರು ಅತಿ ಜೋರಾಗಿರುವಾಗಲೇ, ಮೋಟಾರಿನ ಬ್ರೇಕು ಅತಿ ಕಡಿಮೆ. ನಾಲ್ಕು ಸುತ್ತು ಆದ ಮೇಲೆ ಅದೇ ಪೆಡಲ್ಲು ಬೇರೆ ಥರ ವರ್ತಿಸಬಹುದು. ಎರಡೂ ಥರದ ಬ್ರೇಕನ್ನು ಹದವಾಗಿ ಬೆರೆಸಿ ಡ್ರೈವರ್ ಕಾಲಿಗೆ ವ್ಯತ್ಯಾಸವೇ ಗೊತ್ತಾಗದ ಹಾಗೆ ಮಾಡೋದು ಕಷ್ಟದ ಕೆಲಸ, ಮತ್ತದು ಸಾಫ್ಟ್‌ವೇರ್ ಕೆಲಸ.

ಈಗ ಇ-ಟ್ರೋಫಿಗೆ ವಾಪಸ್ ಬರೋಣ. ರೇಸಿನ ಅವಧಿ 25 ನಿಮಿಷ ಮತ್ತು ಒಂದು ಸುತ್ತು. 294 ಕಿಲೋವ್ಯಾಟ್ ಶಕ್ತಿಯನ್ನು 25 ನಿಮಿಷ ಪೂರ್ತಿ ಎಳೆದರೆ 122 ಕಿಲೋವ್ಯಾಟ್-ಅವರ್ ಬೇಕು, ಬ್ಯಾಟರಿಯಲ್ಲಿರೋದು 90. ಪೆಡಲ್ ಪೂರ್ತಿ ಒತ್ತೋದು ರೇಸಿನ ಸ್ವಲ್ಪ ಹೊತ್ತು ಮಾತ್ರ ಆದ್ದರಿಂದ ಲೆಕ್ಕ ಸರಿಹೋಗುತ್ತೆ. ಅಂದ್ರೆ ಅವಧಿಯನ್ನು ಯೋಚನೆ ಮಾಡೇ ಇಟ್ಟಿದ್ದಾರೆ. ಇಪ್ಪತ್ತೈದು ನಿಮಿಷ ಹತ್ತಿರ ಹತ್ತಿರ ಎರಡು ಟನ್ ಕಾರನ್ನು ಗೋಡೆಗಳ ನಡುವೆ ಓಡಿಸಿದ್ದು ಸಣ್ಣ ವಿಷಯ ಅಲ್ಲ, ಅದಕ್ಕೆ ಶಹಬ್ಬಾಸ್ ಅನ್ನಲೇಬೇಕು.

ತಕರಾರು ಏನಂದ್ರೆ, ಅಲ್ಲಿ ಎಲ್ಲರಿಗೂ ಒಂದೇ ಕಾರು, ಕೊಡೋದು ಕಂಪನಿ, ನೋಡಿಕೊಳ್ಳೋದು ಕಂಪನಿ. ಡ್ರೈವರ್ ಬಂದು ಕೂತು ಓಡಿಸಿ ಹೋಗೋದು. ಇದರಲ್ಲಿ ನ್ಯಾಯ ಇದೆ, ನಾನು ಇಲ್ಲ ಅನ್ನಲ್ಲ. ಹಣ ಇದ್ದವನು ಒಳ್ಳೇ ಬಿಡಿಭಾಗ ಹಾಕಿ ಗೆಲ್ಲೋಕಾಗಲ್ಲ, ಕೈಚಳಕ ಇದ್ದವನೇ ಗೆಲ್ತಾನೆ. ಆದರೆ 'ಇದು ನೀವು ಷೋರೂಮಿನಲ್ಲಿ ಕೊಳ್ಳೋ ಕಾರೇ' ಅನ್ನೋದು ತಾನೇ ಈ ಸರಣಿಯ ಬಂಡವಾಳ? ಹಾಗಿದ್ದಾಗ ನೋಡುಗನಿಗೆ ಆ ಕಾರಿನ ಬಗ್ಗೆ ಹೊಸದೇನಾದರೂ ತಿಳೀಬೇಕಲ್ಲ. ಎಲ್ಲ ಕಾರೂ ಒಂದೇ ಆದಾಗ ಒಂದು ಕಾದರೆ ಎಲ್ಲವೂ ಕಾಯುತ್ತೆ, ಒಂದು ಶಕ್ತಿ ಇಳಿಸಿದರೆ ಎಲ್ಲವೂ ಇಳಿಸುತ್ತೆ. ಹೊರಗಿನವರಿಗೆ ಏನೂ ಕಾಣಲ್ಲ. ಪರೀಕ್ಷೆ ಬರೆಯೋರೆಲ್ಲ ಒಂದೇ ಉತ್ತರಪತ್ರಿಕೆ ಇಟ್ಕೊಂಡಿದ್ದಾರೆ, ಅಕ್ಷರ ಯಾರದು ಚೆನ್ನಾಗಿದೆ ಅಂತ ಮಾತ್ರ ಮಾರ್ಕು. ಹಳೇ ಕಾಲದ ಪೆಟ್ರೋಲ್ ಕಾರುಗಳ ರೇಸಲ್ಲಿ ಇಂಥ ಕಂಪನಿಯ ಎಂಜಿನ್ ಕಾಯುತ್ತೆ, ಇಂಥದ್ದರ ಬ್ರೇಕು ಸೋಲುತ್ತೆ ಅಂತ ಊರಿಗೆಲ್ಲ ಗೊತ್ತಾಗ್ತಿತ್ತು. ಆ ಅವಮಾನದಿಂದಲೇ ಮುಂದಿನ ವರ್ಷದ ಬೀದಿ ಕಾರು ಸುಧಾರಿಸ್ತಿತ್ತು. ಸೋಲೋಕೆ ಅವಕಾಶವೇ ಇಲ್ಲದ ರೇಸಿಂದ ಆ ಲಾಭ ಸಿಗಲ್ಲ.

ಆದರೂ ಇ-ಟ್ರೋಫಿ ನಡೆಯಿತು. 2016ರಲ್ಲಿ ಘೋಷಣೆಯಾದ 'ಎಲೆಕ್ಟ್ರಿಕ್ ಜಿಟಿ' ಅನ್ನೋ ಸರಣಿಯ ಕಥೆ ಇನ್ನೂ ಬೇಜಾರು. ಟೆಸ್ಲಾ ಮಾಡೆಲ್ ಎಸ್ ಕಾರುಗಳನ್ನೇ ರೇಸಿಗೆ ತಯಾರು ಮಾಡಿ ಯುರೋಪಿನ ಹೆಸರಾಂತ ಟ್ರ್ಯಾಕುಗಳಲ್ಲಿ ಓಡಿಸ್ತೀವಿ ಅಂದರು. ಫೋಟೋ ಬಂದವು, ವಿಡಿಯೋ ಬಂದವು, ಡ್ರೈವರುಗಳ ಹೆಸರೂ ಬಂತು. ಒಂದೇ ಒಂದು ರೇಸು ಮಾತ್ರ ನಡೆಯಲಿಲ್ಲ. ನಮ್ಮ ಸಾಫ್ಟ್‌ವೇರ್ ಲೋಕದಲ್ಲಿ ಇಂಥದ್ದಕ್ಕೆ ಬೇರೆ ಹೆಸರಿದೆ, ಡೆಮೋ ಆಗುತ್ತೆ, ರಿಲೀಸ್ ಆಗಲ್ಲ.

ಇನ್ನು ಲ್ಯಾಪ್ ರೆಕಾರ್ಡುಗಳ ಗಲಾಟೆ. 2023ರಲ್ಲಿ ಟೆಸ್ಲಾದ ಮಾಡೆಲ್ ಎಸ್ ಪ್ಲೇಡ್, ಟ್ರ್ಯಾಕ್ ಪ್ಯಾಕೇಜ್ ಹಾಕ್ಕೊಂಡು ನ್ಯೂರ್‌ಬರ್ಗ್‌ರಿಂಗ್‌ನಲ್ಲಿ 7 ನಿಮಿಷ 25.231 ಸೆಕೆಂಡಿನ ಸುತ್ತು ಹೊಡೀತು. ಸರಾಸರಿ ಗಂಟೆಗೆ ಸುಮಾರು 168 ಕಿ.ಮೀ. ಅರ್ಧದಲ್ಲೇ ಸುಸ್ತಾಗ್ತಿದ್ದ ಕಾರಿನ ವಂಶ ಹತ್ತು ವರ್ಷದೊಳಗೆ ಇಲ್ಲಿಗೆ ಬಂದದ್ದು ದೊಡ್ಡ ಸಾಧನೆಯೇ. 2024ರ ಜನವರಿಯಲ್ಲಿ ಪೋರ್ಷೆ ತನ್ನ ಟೈಕಾನ್ ಕಾರಿನ 7 ನಿಮಿಷ 7.55 ಸೆಕೆಂಡಿನ ಸುತ್ತನ್ನು ಪ್ರಕಟಿಸಿತು. ಆಮೇಲೆ ಮಾರಾಟಕ್ಕೆ ಬಂದ ಟೈಕಾನ್ ಟರ್ಬೊ ಜಿಟಿಯ ವೈಸಾಕ್ ಪ್ಯಾಕೇಜ್‌ನಲ್ಲಿ ಹಿಂದಿನ ಸೀಟೇ ಇಲ್ಲ! ಕಿತ್ತುಹಾಕೋ ಕೆಲಸವನ್ನು ಫ್ಯಾಕ್ಟರಿಯವರೇ ಮಾಡಿ, ಸುಮಾರು 70 ಕೆ.ಜಿ. ಇಳಿಸಿ ಕೊಡ್ತಾರೆ. ಇದೆಲ್ಲ ಒಂದು ಸುತ್ತಿನ ಮಾತು. ಒಂದು ಸುತ್ತಿಗೆ ಬ್ಯಾಟರಿಯನ್ನು ಹದವಾದ ಬಿಸಿಗೆ ತಂದು, ಹೊಸ ಟೈರು ಹಾಕಿ, ಒಳ್ಳೇ ಹವೆ ನೋಡಿ ಬಿಡಬಹುದು. ಎರಡನೇ ಸುತ್ತು ಎಷ್ಟು, ಐದನೇದು ಎಷ್ಟು ಅನ್ನೋದು ಪತ್ರಿಕಾ ಹೇಳಿಕೆಯ ತಲೆಬರಹದಲ್ಲಿ ಬರಲ್ಲ. ಓಟದ ಕೋಣವನ್ನು ಮೊದಲ ಹತ್ತು ಮಾರು ನೋಡಿ ಅಳೆದ ಹಾಗೆ.

ಪೋರ್ಷೆಯ ಒಂದು ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಟರ್ಬೊ ಜಿಟಿಯ ಶಕ್ತಿ ಎಷ್ಟು ಅಂದರೆ ಅವರು ಮೂರು ಉತ್ತರ ಕೊಡ್ತಾರೆ. ಸಾಮಾನ್ಯವಾಗಿ 580 ಕಿಲೋವ್ಯಾಟ್. ಲಾಂಚ್ ಕಂಟ್ರೋಲ್ ಹಾಕಿ ಹೊರಟಾಗ 760. ಎರಡು ಸೆಕೆಂಡಿನ ಮಟ್ಟಿಗೆ 815. ಟ್ರ್ಯಾಕಿನಲ್ಲಿ ಗುಂಡಿ ಒತ್ತಿದರೆ 10 ಸೆಕೆಂಡು 120 ಕಿಲೋವ್ಯಾಟ್‌ವರೆಗೆ ಹೆಚ್ಚುವರಿ. ಕ್ಲೌಡ್‌ನಲ್ಲಿ ಅಗ್ಗದ ಸರ್ವರ್ ತಗೊಂಡವರಿಗೆ ಈ ಬರ್ಸ್ಟ್ ಕ್ರೆಡಿಟ್ ಆಟ ಚೆನ್ನಾಗಿ ಗೊತ್ತು, ಕ್ರೆಡಿಟ್ ಇರೋವರೆಗೆ ಹಾರಾಟ, ಆಮೇಲೆ ಬೇಸ್‌ಲೈನ್. ಆದರೆ ಜಾಹೀರಾತಿಗೆ, ಯೂಟ್ಯೂಬ್ ಥಂಬ್‌ನೇಲಿಗೆ ಹೋಗೋದು ಎರಡು ಸೆಕೆಂಡಿನ ಸಂಖ್ಯೆ. ನಮ್ಮ ವಿಮರ್ಶಕರೂ 0ಯಿಂದ 100 ಒಂದು ಸಲ ಅಳೆದು, ಬಾಯಿಬಿಟ್ಟು 'ವಾವ್' ಅಂದು ವಿಡಿಯೋ ಮುಗಿಸ್ತಾರೆ. ಅದೇ ಅಳತೆಯನ್ನು ಹತ್ತು ಸಲ ಬೆನ್ನುಬೆನ್ನಿಗೆ ಮಾಡಿ ಹತ್ತನೇ ಸಂಖ್ಯೆ ಹೇಳೋರು ಅಪರೂಪ. ಕಾರಿನ ಯೋಗ್ಯತೆ ಗೊತ್ತಾಗೋದು ಆ ಹತ್ತನೇ ಸಂಖ್ಯೆಯಲ್ಲಿ.

ಹಾಗಾದರೆ ಸರಿಯಾಗಿ ಮಾಡಿದವರು ಯಾರೂ ಇಲ್ವಾ? ಇದ್ದಾರೆ. 2018ರ ಕೊನೆಯಲ್ಲಿ ಟೆಸ್ಲಾ ಮಾಡೆಲ್ 3ರ ಪರ್ಫಾರ್ಮೆನ್ಸ್ ಕಾರಿಗೆ ಕೊಟ್ಟ ಟ್ರ್ಯಾಕ್ ಮೋಡ್ ನನಗೆ ಇಷ್ಟ. ಒಂದು ಅಪ್‌ಡೇಟ್ ಬಂತು, ಕಾರಿನ ನಡತೆ ಬದಲಾಯ್ತು. ಓಟಕ್ಕೆ ಮೊದಲೇ ಬ್ಯಾಟರಿ, ಮೋಟಾರನ್ನು ತಣ್ಣಗೆ ಮಾಡಿಟ್ಟುಕೊಳ್ಳೋದು, ಮೋಟಾರಿನ ಬ್ರೇಕನ್ನು ಜೋರು ಮಾಡಿ ಡಿಸ್ಕುಗಳಿಗೆ ಉಸಿರು ಕೊಡೋದು, ಮುಂದಿನ ಹಿಂದಿನ ಮೋಟಾರಿನ ನಡುವೆ ಟಾರ್ಕನ್ನು ಆಚೆ ಈಚೆ ಮಾಡಿ ಕಾರನ್ನು ತಿರುಗಿಸೋದು, ಇದೆಲ್ಲ ಕೋಡಿನಲ್ಲಿ. ಸ್ಪ್ಯಾನರ್ ಹಿಡಿಯದೆ ಕಾರನ್ನು ಟ್ರ್ಯಾಕಿಗೆ ಒಗ್ಗಿಸಬಹುದು ಅಂತ ತೋರಿಸಿದ್ದು ಸಣ್ಣ ಮಾತಲ್ಲ.

ಇದನ್ನೇ ಇನ್ನಷ್ಟು ಬೆಳೆಸಿದ್ದು 2023ರಲ್ಲಿ ಬಂದ ಹ್ಯುಂಡೈ ಅಯಾನಿಕ್ 5 ಎನ್. ನಮ್ಮಲ್ಲಿ ಮಾರೋ ಸಾಧಾರಣ ಅಯಾನಿಕ್ 5ರ ಒರಟು ಅಣ್ಣ ಅನ್ನಿ. 84 ಕಿಲೋವ್ಯಾಟ್-ಅವರ್ ಬ್ಯಾಟರಿ, 448 ಕಿಲೋವ್ಯಾಟ್ ಶಕ್ತಿ, ಗುಂಡಿ ಒತ್ತಿದರೆ ಸ್ವಲ್ಪ ಹೊತ್ತು 478. ಬರೀ ಮೋಟಾರಿನಿಂದಲೇ 0.6 ಜಿ ವರೆಗೆ ಬ್ರೇಕು. ಇದರಲ್ಲಿ ನನಗೆ ಹಿಡಿಸಿದ್ದು ಎರಡು ಆಯ್ಕೆ. ಒಂದು, ಬ್ಯಾಟರಿಯನ್ನು ಹದಕ್ಕೆ ತರುವಾಗ 'ಡ್ರ್ಯಾಗ್' ಬೇಕಾ 'ಟ್ರ್ಯಾಕ್' ಬೇಕಾ ಅಂತ ಕೇಳುತ್ತೆ. ಒಂದೇ ಓಟ ಆದರೆ ಬ್ಯಾಟರಿ ಬೆಚ್ಚಗಿರಬೇಕು, ಆಗ ಒಳಗಿನ ಪ್ರತಿರೋಧ ಕಡಿಮೆ. ತುಂಬಾ ಸುತ್ತು ಆದರೆ ತಂಪಾಗಿ ಹೊರಡಬೇಕು, ಕಾಯೋಕೆ ಜಾಗ ಉಳಿದಿರಬೇಕು. ಎರಡನೇದು, 'ಸ್ಪ್ರಿಂಟ್' ಮತ್ತು 'ಎಂಡ್ಯೂರೆನ್ಸ್'. ಎಂಡ್ಯೂರೆನ್ಸ್ ಹಾಕಿದರೆ ಕಾರು ತನ್ನ ಗರಿಷ್ಠ ಶಕ್ತಿಯನ್ನು ತಾನೇ ಇಳಿಸಿ, ಜಾಸ್ತಿ ಸುತ್ತು ಓಡಿಸುತ್ತೆ. 'ನನ್ನ ಪೂರ್ತಿ ಶಕ್ತಿ ಬೇಕಾದರೆ ಇಷ್ಟೇ ಹೊತ್ತು, ತುಂಬಾ ಹೊತ್ತು ಬೇಕಾದರೆ ಇಷ್ಟೇ ಶಕ್ತಿ' ಅಂತ ಕಾರೇ ಒಪ್ಪಿಕೊಂಡ ಹಾಗಾಯ್ತು. ಇದೇ ಕಾರನ್ನು ಹಗುರ ಮಾಡಿ 2024ರಿಂದ ಕೊರಿಯಾದಲ್ಲಿ 'ಇಎನ್1 ಕಪ್' ಅಂತ ರೇಸು ನಡೆಸ್ತಿದ್ದಾರೆ. ಅದೂ ಒಂದೇ ಮಾದರಿಯ ಕಾರುಗಳ ರೇಸು, ನಿಜ. ಆದರೆ ಇಲ್ಲಿ ಟ್ರ್ಯಾಕಿನ ಲೆಕ್ಕಾಚಾರ ಮೊದಲು ಬೀದಿ ಕಾರಿಗೇ ಬಂದಿದೆ.

ಅಯಾನಿಕ್ 5 ಎನ್ ಬಗ್ಗೆ ನಗೋರು ನಗೋದು ಅದರ ಸುಳ್ಳು ಗೇರಿಗೆ, ಸುಳ್ಳು ಸದ್ದಿಗೆ. ಇಲ್ಲದ ಎಂಟು ಗೇರನ್ನು ಇದ್ದ ಹಾಗೆ ನಟಿಸುತ್ತೆ, ಗೇರ್ ಬದಲಾದಾಗ ಜರ್ಕ್ ಕೊಡುತ್ತೆ, ಸ್ಪೀಕರಿಂದ ಎಂಜಿನ್ ಸದ್ದು ಹೊರಡಿಸುತ್ತೆ. ನಾಟಕ ಅಂತ ನಗಬಹುದು. ಆದರೆ ಬಾವಿ ಪಂಪ್‌ಸೆಟ್ ಬಿಟ್ಟು ಜಗಲಿಯಲ್ಲಿ ಎಲೆ ಅಡಿಕೆ ಹಾಕ್ಕೊಂಡು ಕೂತ ರೈತನನ್ನು ಕೇಳಿ. ಸದ್ದು ಬದಲಾದ ತಕ್ಷಣ 'ನೀರು ಹೋಯ್ತು, ಆಫ್ ಮಾಡ್ರೋ' ಅಂತ ಎದ್ದು ನಿಲ್ತಾನೆ. ಅವನಿಗೆ ಸದ್ದೇ ಮೀಟರು. ತಿರುವಿಗೆ ನುಗ್ಗೋ ಡ್ರೈವರಿಗೆ ಸ್ಕ್ರೀನ್ ನೋಡೋ ಪುರುಸೊತ್ತಿಲ್ಲ, ಎಷ್ಟು ವೇಗದಲ್ಲಿದ್ದೀನಿ ಅಂತ ಕಿವಿಗೆ, ಬೆನ್ನಿಗೆ ಗೊತ್ತಾಗಬೇಕು. ಸದ್ದು ಸುಳ್ಳಾದರೂ ಅದು ಹೇಳೋ ಸುದ್ದಿ ನಿಜ ಇದ್ದರೆ ನನ್ನ ತಕರಾರಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೂ ಒಂದು ಮುಳ್ಳು ಉಳಿಯುತ್ತೆ. ಮೇಲೆ ಹೇಳಿದ ಪ್ರತಿಯೊಂದು ಸುಧಾರಣೆಯನ್ನೂ ಕೊಟ್ಟಿದ್ದು ಕಂಪನಿ. ಕಾರು ತಗೊಂಡವನು ಮಾಡಿದ್ದಲ್ಲ. ನಮ್ಮ ದೇಶದ ರ್‍ಯಾಲಿ ಮತ್ತು ರೇಸ್ ಬೆಳೆದದ್ದೇ ಬೀದಿ ಕಾರುಗಳನ್ನು ಗ್ಯಾರೇಜಿನಲ್ಲಿ ಬಿಚ್ಚಿ. ಮಾರುತಿ ಜಿಪ್ಸಿ, ಎಸ್ಟೀಮ್‌ಗಳನ್ನು ಬಿಚ್ಚಿ, ಕೊರೆದು, ಕಟ್ಟಿ ಓಡಿಸಿದ ಮೆಕ್ಯಾನಿಕ್‌ಗಳ ಒಂದು ತಲೆಮಾರೇ ಇದೆ. ಅವರಲ್ಲಿ ಎಷ್ಟೋ ಜನ ಕಾಲೇಜು ನೋಡಿದವರಲ್ಲ, ಎಂಜಿನ್ನೇ ಅವರ ಕಾಲೇಜು. ಅಂಥ ಒಬ್ಬ ಮೇಷ್ಟ್ರು ಇವತ್ತು ಒಂದು ಎಲೆಕ್ಟ್ರಿಕ್ ಕಾರಿನ ಬಾನೆಟ್ ಎತ್ತಿದರೆ ಏನು ಮಾಡಬಹುದು? ಟೈರು, ಬ್ರೇಕ್ ಪ್ಯಾಡು, ಸಸ್ಪೆನ್ಷನ್ ಬದಲಾಯಿಸಬಹುದು. ಎಷ್ಟು ಬಿಸಿಗೆ ಶಕ್ತಿ ಇಳೀಬೇಕು, ಮೋಟಾರಿನ ಬ್ರೇಕು ಎಷ್ಟಿರಬೇಕು, ಪಂಪು ಯಾವಾಗ ತಿರುಗಬೇಕು ಅನ್ನೋದೆಲ್ಲ ಕೀಲಿ ಹಾಕಿದ ಕೋಡಿನೊಳಗೆ. ಕೀಲಿಕೈ ಕಂಪನಿಯ ಕೈಯಲ್ಲಿ.

ಕಂಪನಿಯ ಕಡೆಗೂ ಮಾತಿದೆ. ನಾನ್ನೂರು ವೋಲ್ಟ್ ಡಿಸಿ ಮುಟ್ಟಿದರೆ ಜೀವ ಹೋಗುತ್ತೆ. ಬ್ಯಾಟರಿ ಮಿತಿಯನ್ನು ಯಾರೋ ಹುಂಬರು ಎತ್ತಿಬಿಟ್ಟರೆ ಬೆಂಕಿ ಹತ್ತಬಹುದು, ಆ ಬೆಂಕಿ ಸುಲಭಕ್ಕೆ ಆರಲ್ಲ. ಪೆಟ್ಟಿಗೆಗೆ ಬೀಗ ಇರಲಿ, ಒಪ್ಪಿದೆ. ಆದರೆ ಪೆಟ್ಟಿಗೆಯೊಳಗೆ ಏನಾಗ್ತಿದೆ ಅಂತ ಕಾಣೋ ಕಿಟಕಿಗೂ ಯಾಕೆ ಬೀಗ? ಬ್ಯಾಟರಿ ಎಷ್ಟು ಕಾದಿದೆ, ಈಗ ಎಷ್ಟು ಶಕ್ತಿ ಸಿಗುತ್ತೆ, ಎಷ್ಟು ಬ್ರೇಕು ಮೋಟಾರಿಂದ ಎಷ್ಟು ಡಿಸ್ಕಿಂದ, ಈ ನಾಲ್ಕು ಸಂಖ್ಯೆ ತೋರಿಸಿದರೆ ಯಾರ ಗಂಟೂ ಹೋಗಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯೋ ಫಾರ್ಮುಲಾ ಭಾರತ್ ಸ್ಪರ್ಧೆಯಲ್ಲಿ ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರು ತಮ್ಮದೇ ಎಲೆಕ್ಟ್ರಿಕ್ ರೇಸ್ ಕಾರು ಕಟ್ಟಿಕೊಂಡು ಬರ್ತಾರೆ. ಬೀದಿ ಕಾರಲ್ಲ, ಸೊನ್ನೆಯಿಂದ ಕಟ್ಟಿದ್ದು. ಸುರಕ್ಷತೆಯ ನಿಯಮ ಕಠಿಣ, ತಪಾಸಣೆ ಪಾಸಾಗದೆ ಟ್ರ್ಯಾಕಿಗೆ ಇಳಿಯೋ ಹಾಗಿಲ್ಲ. ಆದರೂ ಯಾವ ಸೆಲ್ ಎಷ್ಟು ಕಾದಿದೆ ಅನ್ನೋದು ಆ ಮಕ್ಕಳಿಗೆ ಗೊತ್ತಿರುತ್ತೆ. ಲಕ್ಷಾಂತರ ರೂಪಾಯಿ ಕೊಟ್ಟು ಕಾರು ತಗೊಂಡ ನಮಗೆ ಗೊತ್ತಿರಲ್ಲ.

'ನಾವೇನು ರೇಸಿಗೆ ಹೋಗ್ತೀವಾ, ಸಿಲ್ಕ್ ಬೋರ್ಡ್ ದಾಟಿದರೆ ಸಾಕು' ಅಂತೀರಾ? ಸರಿ, ಹಾಗಾದರೆ ವೀಕೆಂಡಿಗೆ ಊರಿಗೆ ಹೋಗೋಣ. ಸಕಲೇಶಪುರದಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೊರಟ್ರಿ. ಜನ, ಲಗೇಜು ಸೇರಿ ಎರಡು ಟನ್, ಇಳಿತ ಒಂದು 800 ಮೀಟರ್ ಅಂತ ಇಟ್ಕೊಳ್ಳಿ. ಆ ಇಳಿತದಲ್ಲಿ ಹೊರಬೀಳೋ ಶಕ್ತಿ ಸುಮಾರು 4.4 ಕಿಲೋವ್ಯಾಟ್-ಅವರ್. ಗಾಳಿ, ಟೈರುಗಳಿಗೆ ಒಂದಷ್ಟು ಹೋದರೂ ಉಳಿದದ್ದು ಬ್ರೇಕಿನ ಪಾಲೇ. ಬ್ಯಾಟರಿ ತುಂಬಿರೋದ್ರಿಂದ ಮೋಟಾರಿನ ಬ್ರೇಕು ಕೈಕೊಡುತ್ತೆ. ದಿನಾ ಬೆಂಗಳೂರಲ್ಲಿ ಆಕ್ಸಿಲರೇಟರ್ ಬಿಟ್ಟರೆ ತಾನೇ ನಿಲ್ತಿದ್ದ ಕಾರು ಅವತ್ತು ಜಾರ್ತಾ ಹೋಗುತ್ತೆ. ಕಾಲು ಬ್ರೇಕಿಗೆ ಹೋಗುತ್ತೆ, ಮತ್ತೆ ಮತ್ತೆ ಹೋಗುತ್ತೆ, ಡಿಸ್ಕು ಕಾಯುತ್ತೆ. ಟ್ರ್ಯಾಕಿನ ಮೊದಲ ಸುತ್ತಿನಲ್ಲಿ ರೇಸ್ ಡ್ರೈವರಿಗೆ ಎದುರಾಗೋ ಸಮಸ್ಯೆಯೇ ಇದು. ಅವನಿಗೆ ಹೆಲ್ಮೆಟ್ಟು, ಪಂಜರ, ಆಚೆ ಮರಳುಗುಂಡಿ ಇರುತ್ತೆ. ನಿಮ್ಮ ಹಿಂದಿನ ಸೀಟಲ್ಲಿ ಮಕ್ಕಳಿರ್ತಾರೆ, ಮುಂದೆ ಟ್ಯಾಂಕರ್ ಲಾರಿ ಇರುತ್ತೆ. ಘಾಟಿಯ ಮೇಲೆ ಚಾರ್ಜ್ ಮಾಡೋರು 80-85ಕ್ಕೆ ನಿಲ್ಲಿಸಿ, ಇಳಿಯುವಾಗ ಇನ್ನೊಂಚೂರು ತಾನೇ ತುಂಬುತ್ತೆ.

ಬೀದಿ ಕಾರನ್ನು ಟ್ರ್ಯಾಕಿಗೆ ಇಳಿಸೋ ಪ್ರಯೋಗಗಳನ್ನು ನಾನು ಅಳೆಯೋದು ಈ ಕೋಲಿನಿಂದ. ಬಿಸಿ, ತೂಕ, ಬ್ರೇಕು ಬೀದಿಯಲ್ಲಿ ನಮ್ಮ ಕಣ್ಣಿಗೆ ಕಾಣದ ಹಾಗೆ ಅಡಗಿರುತ್ತವೆ. ಅವನ್ನು ಟ್ರ್ಯಾಕು ಹೊರಗೆಳೆದು ತೋರಿಸಬೇಕು, ತೋರಿಸಿದ್ದು ಮಾರೋ ಕಾರಿಗೆ ವಾಪಸ್ ಬರಬೇಕು. ಇ-ಟ್ರೋಫಿ ಓಡಿತು, ಆದರೆ ಮುಚ್ಚಿಟ್ಟುಕೊಂಡು ಓಡಿತು. ಎಲೆಕ್ಟ್ರಿಕ್ ಜಿಟಿ ಓಡಲೇ ಇಲ್ಲ. ರೆಕಾರ್ಡಿನವರು ಒಂದೇ ಸುತ್ತು ತೋರಿಸಿದರು. ಟ್ರ್ಯಾಕ್ ಮೋಡ್ ಮತ್ತು ಅಯಾನಿಕ್ 5 ಎನ್ ಮಾತ್ರ ಬೀದಿಯವನ ಕೈಗೆ ಏನನ್ನೋ ಕೊಟ್ಟವು.

ಮುಂದಿನ ಸಲ ಷೋರೂಮಿಗೆ ಹೋದಾಗ ಸೇಲ್ಸ್ ಹುಡುಗ 0-100 ಎಷ್ಟು ಸೆಕೆಂಡು ಅಂತ ಹೇಳೋಕೆ ಶುರು ಮಾಡಿದರೆ ಪೂರ್ತಿ ಕೇಳಿಸ್ಕೊಳ್ಳಿ, ಪಾಪ, ಅವನ ಕೆಲಸ ಅದು. ಆಮೇಲೆ ಕೇಳಿ: ಹತ್ತನೇ ಸಲ ಎಷ್ಟು? ನಾಲ್ಕು ಜನ ಕೂತು ಏಪ್ರಿಲ್ ಮಧ್ಯಾಹ್ನ ಘಾಟಿ ಹತ್ತಿದರೆ ಶಕ್ತಿ ಇಳಿಯುತ್ತಾ? ಬ್ಯಾಟರಿ ತುಂಬಿದ್ದಾಗ ಬ್ರೇಕು ಹೇಗೆ? ಬ್ಯಾಟರಿ ಬಿಸಿ ಸ್ಕ್ರೀನಿನಲ್ಲಿ ಕಾಣುತ್ತಾ? ಅವನಿಗೆ ಗೊತ್ತಿರಲಿಕ್ಕಿಲ್ಲ. 'ಕೇಳಿ ಹೇಳ್ತೀನಿ ಸರ್' ಅಂತಾನೆ. ಕೇಳಲಿ ಬಿಡಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿಕ್ಕೀತು.